ಬಿಚ್ಚದೆ ಇಟ್ಟ ಗಂಟು

"ಮನೇಲಿ ಏನಾದ್ರೂ ಕಾಣೆಯಾಗಿದೆಯಾಮ್ಮ? ಸಣ್ಣದಾದ್ರೂ ಸರಿ."

"ಒಂದು ಚಮಚಾನೂ ಕಾಣೆಯಾಗಿಲ್ಲ ಹನುಮಂತು," ಎಂದರು ಅಲಮೇಲಮ್ಮ, ತಲೆ ಎತ್ತದೆ.

ಅಡಿಗೆಮನೆಯ ಕಟ್ಟೆಯ ಮೇಲೆ ಶುಂಠಿಯ ತುಂಡಿಟ್ಟು ಚೊಂಬಿನ ತಳದಿಂದ ಜಜ್ಜುತ್ತಿದ್ದರು. ತಪ್, ತಪ್ ಎಂದು ಸಪ್ಪೆ ಸದ್ದು. ಈ ಮನೆಯ ಕಷಾಯಕ್ಕೆ ಬೇರೆ ಸದ್ದಿತ್ತು ಎಂದು ಇನ್‌ಸ್ಪೆಕ್ಟರ್ ಹನುಮಂತಯ್ಯನಿಗೆ ಅನ್ನಿಸಿತು. ಯಾವ ಸದ್ದು ಎಂದು ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳುವ ಶ್ರಮವನ್ನೂ ಅವನು ತೆಗೆದುಕೊಳ್ಳಲಿಲ್ಲ.

ವಿಜಯದಶಮಿಯ ಸಂಜೆ ಇದೇ ಮನೆಯ ಹಿಂದಿನ ವರಾಂಡದಲ್ಲಿ ದೊರೆಸ್ವಾಮಿ ಮೇಷ್ಟ್ರ ಎದೆಗೆ ಗುಂಡು ಬಿದ್ದಿತ್ತು. ಅವರ ಹೆಂಡತಿ ಅಲಮೇಲಮ್ಮ ಆಗ ಗವಿಪುರಂನಲ್ಲಿ ಗೆಳತಿಯ ಮನೆಯ ಗೊಂಬೆ ಆರತಿಗೆ ಹೋಗಿದ್ದರು. ಎನ್.ಆರ್. ಕಾಲೋನಿಯ ಅಕ್ಕಪಕ್ಕದವರು ಆ ಸದ್ದನ್ನು ಯಾರೋ ದೀಪಾವಳಿಗೆ ಮುಂಚೆಯೇ ಹೊಡೆದ ಪಟಾಕಿ ಅಂದುಕೊಂಡಿದ್ದರು.

ಹೆಣ ನೋಡಿದ ಗಳಿಗೆಯಿಂದ ಹನುಮಂತಯ್ಯನಿಗೆ ಅಳು ಬಂದಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಮುಟ್ಟಿದರೆ ಯಾರದೋ ದವಡೆ ಮುಟ್ಟಿದಂತೆ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಕಾರ್ಪೊರೇಷನ್ ಶಾಲೆಯ ಹುಡುಗನನ್ನು ಈ ಮನೆಗೇ ಕರೆಸಿಕೊಂಡು, ಬಿಡಿಕಾಸು ಮುಟ್ಟದೆ ಪಾಠ ಹೇಳಿದವರು ಮೇಷ್ಟ್ರು. ಆಗ ಅವನ ಲೋಟ ಬೇರೆಯಿತ್ತು, ಅಂಚು ನೆಗ್ಗಿದ್ದು, ಕಿಟಕಿಯ ಮೇಲೆ ಇರುತ್ತಿದ್ದದ್ದು. ಒಂದು ದಿನ ಮೇಷ್ಟ್ರು ಏನೂ ಹೇಳದೆ ಆ ಲೋಟದಲ್ಲಿ ತಾವು ಕುಡಿದು, ತಮ್ಮದನ್ನು ಅವನ ಮುಂದಿಟ್ಟಿದ್ದರು. ಮಾರನೆಯ ದಿನದಿಂದ ಕಿಟಕಿಯ ಮೇಲೆ ಲೋಟ ಇರಲಿಲ್ಲ.

"ನಿನ್ನ ಕೆಮ್ಮು ಇನ್ನೂ ಹೋಗಿಲ್ಲ ಅಲ್ವೇನೋ," ಎಂದರು ಅಲಮೇಲಮ್ಮ. "ಹಜಾರದಲ್ಲಿ ಕೂತ್ಕೋ, ತರ್ತೀನಿ."

ತಟ್ಟೆಯಲ್ಲಿ ಮೂರು ಲೋಟ ಕಷಾಯ ಬಂತು. ಒಂದನ್ನು ಅವನ ಕೈಗೆ ಕೊಟ್ಟರು. ಒಂದನ್ನು ಕಿಟಕಿಯ ಹತ್ತಿರ ತಮಗೆ ಇಟ್ಟುಕೊಂಡರು. ಮೂರನೆಯದನ್ನು ಹಿಡಿದು ನಡುಮನೆಗೆ ಹೋಗಿ, ಬರಿಗೈಯಲ್ಲಿ ಬಂದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.

ಮೇಷ್ಟ್ರು ಬೆಳಗಿನ ಕಷಾಯ ಕುಡಿಯುತ್ತಿದ್ದದ್ದು ನಡುಮನೆಯಲ್ಲಿ. ಕೈಗೆ ಬಿದ್ದ ಅಭ್ಯಾಸ ಎಷ್ಟು ದಿನಕ್ಕೆ ಬಿಡುತ್ತದೆ! ಹನುಮಂತಯ್ಯ ಅದರ ಬಗ್ಗೆ ಕೇಳಲಿಲ್ಲ. ಕೇಳುವುದು ಅನ್ಯಾಯ ಅನ್ನಿಸಿತು.

"ವಸಿಷ್ಠ ಬರ್ತಾರಾ?"

"ದಿನಾ ಮಲ್ಲೇಶ್ವರದಿಂದ ಬಂದು ಕರ್ಮ ಮುಗಿಸ್ಕೊಂಡು ಹೋಗ್ತಾನೆ. ನಮಗೆ ಮಕ್ಕಳಿಲ್ವಲ್ಲಪ್ಪ, ನನ್ನ ತಮ್ಮನೇ ಮಾಡ್ಬೇಕು." ಅವರು ಲೋಟದ ಒಳಗೆ ನೋಡುತ್ತ ಕೇಳಿದರು, "ನಮ್ಮಪ್ಪನ ರಿವಾಲ್ವರೇ ಅಂತೆ, ಹೌದೇನೋ?"

"ಹೌದಮ್ಮ."

ಅವನು ಎದ್ದು ಬೂಟು ಹಾಕಿಕೊಳ್ಳುವಾಗ ಅಲಮೇಲಮ್ಮ ಖಾಲಿ ಲೋಟಗಳನ್ನೆಲ್ಲ ಒಟ್ಟು ಮಾಡಿ, ತೊಳೆಯಲು ಒಳಗೆ ಒಯ್ದರು.

ಹೊರಗೆ ಹಾಲಿನ ಬೂತಿನ ಗೋಡೆಯ ಮೇಲೆ ಮೇಷ್ಟ್ರ ಕೈಬರಹದ ಪೋಸ್ಟರು ಇನ್ನೂ ಇತ್ತು: 'ಬಂದೂಕಿನ ಅಂಗಡಿ ನಮ್ಮ ನಡುವೆ ಬೇಕೆ? ಭಾನುವಾರದ ಸಭೆಗೆ ಬನ್ನಿ.' ಅದರ ಕೆಳಗೇ ಇಬ್ಬರು ಮಧ್ಯವಯಸ್ಕರು ಹಾಲಿನ ಪ್ಯಾಕೆಟ್ಟು ಹಿಡಿದು ವಾದಕ್ಕೆ ನಿಂತಿದ್ದರು.

"ಮುಚ್ಚಿಸ್ಬೇಕು ರೀ. ಮದುವೆ ಮೆರವಣಿಗೇಲಿ ಶೋಕಿಗೆ ಹಾರಿಸಿದ್ದು ಬಾಲ್ಕನೀಲಿ ನಿಂತಿದ್ದ ಹೆಂಗಸಿನ ತೋಳಿಗೆ ಬಿತ್ತು. ಈಗ ಮೇಷ್ಟ್ರು ಹೋದ್ರು. ಇನ್ನು ಯಾರು ಹೋಗ್ಬೇಕು?"

"ಅಂಗಡಿ ಮುಚ್ಚಿದ್ರೆ ಬಂದೂಕು ಮಾಯ ಆಗುತ್ತಾ? ಎಲ್ಲೋ ಸಂದೀಲಿ ಕದ್ದು ಮಾರ್ತಾರೆ. ಅಲ್ಲಿ ಲೈಸೆನ್ಸ್ ಕೇಳೋನು ಯಾರು?"

"ನಿಮ್ಮ ಮಾವ ಡಬಲ್ ಬ್ಯಾರಲ್ ಇಟ್ಕೊಂಡಿದಾರಲ್ಲ, ಅದಕ್ಕೇ ನೀವು ಹೀಗೆ ಮಾತಾಡೋದು."

"ಅದು ಬಂದೂಕಾ? ಅದರ ನಳಿಗೆಯೊಳಗೆ ಜೇಡ ಸಂಸಾರ ಮಾಡ್ಕೊಂಡಿದೆ ಕಣ್ರೀ!"

ಪೊಲೀಸ್ ಜೀಪು ಕಂಡು ಇಬ್ಬರೂ ನಗು ನುಂಗಿದರು.

ಹೆಡ್ ಕಾನ್‌ಸ್ಟೆಬಲ್ ದೊಡ್ಡಬೈರಪ್ಪ ಸ್ಟಿಯರಿಂಗ್ ಮುಂದೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ. "ಸಾರ್, ಡಿಸಿಪಿ ಸಾಹೇಬ್ರು ವೈರ್‌ಲೆಸ್‌ನಲ್ಲಿ ಬಂದಿದ್ರು. ಸಂಜೆ ಪ್ರೆಸ್‌ನೋರನ್ನ ಕರೆದಿದಾರಂತೆ. ಅಷ್ಟರೊಳಗೆ ಅಂಗಡಿಯೋರನ್ನ ಅರೆಸ್ಟ್ ಮಾಡಿರ್ಬೇಕು, ನಿಮ್ ಇನ್‌ಸ್ಪೆಕ್ಟ್ರಿಗೆ ಗುರುಭಕ್ತಿ ಜಾಸ್ತಿ ಆಯ್ತು ಅಂದ್ರು."

"ನೀನೇನಂದೆ?"

"ಸಾಹೇಬ್ರು ಕಷಾಯ ಕುಡೀತಿದಾರೆ ಅನ್ನಕ್ಕಾಗುತ್ತಾ ಸಾರ್? ರೇಂಜ್ ಸಿಕ್ತಿಲ್ಲ ಅಂದೆ."

ಹನುಮಂತಯ್ಯ ನಗಬೇಕಾದ ಜಾಗದಲ್ಲಿ ತಲೆಯಾಡಿಸಿ ಹತ್ತಿ ಕೂತ.

ಡಿಸಿಪಿಯವರ ಲೆಕ್ಕಾಚಾರ ಸರಳವಾಗಿತ್ತು. ಕಾರ್ಪೊರೇಷನ್ ಎಲೆಕ್ಷನ್ ಮುಗಿಯುವವರೆಗೆ ಲೈಸೆನ್ಸ್‌ದಾರರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಗೋ ಬಂದೂಕಿನ ಅಂಗಡಿಗೋ ಒಪ್ಪಿಸಬೇಕೆಂದು ಆರ್ಡರ್ ಆಗಿತ್ತು. ಅಲಮೇಲಮ್ಮನ ತಮ್ಮ, ಬ್ಯಾಂಕಿನ ಆಫೀಸರ್ ವಸಿಷ್ಠ, ತನ್ನಪ್ಪನ ಕಾಲದ ರಿವಾಲ್ವರನ್ನು ಚಾಮರಾಜಪೇಟೆಯ ಶಾಂತಲಿಂಗ ಆರ್ಮ್ಸ್‌ನಲ್ಲಿ ಒಪ್ಪಿಸಿ, ದಸರಾ ನೋಡಲು ಮೈಸೂರಿಗೆ ಹೋಗಿದ್ದ. ಕೊಲೆಯ ಹೊತ್ತಿನಲ್ಲಿ ಜಂಬೂಸವಾರಿಯ ಜನದ ನಡುವೆ ಸಹೋದ್ಯೋಗಿಗಳ ಜತೆಯಲ್ಲಿದ್ದ. ಆದರೆ ಗವಿಪುರಂನ ಒಣ ಮೋರಿಯಲ್ಲಿ, ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕಿದ್ದು ಅದೇ ರಿವಾಲ್ವರು. ಮೇಷ್ಟ್ರನ್ನು ಕೊಂದದ್ದೂ ಅದೇ. ಅದನ್ನಿಟ್ಟಿದ್ದ ಕಬ್ಬಿಣದ ಕಪಾಟಿನ ಬೀಗದಕೈ ಇರುವುದು ಒಬ್ಬನ ಸೊಂಟದಲ್ಲಿ. ಆ ಒಬ್ಬನ ಅಂಗಡಿ ಮುಚ್ಚಿಸಲು ಮೇಷ್ಟ್ರು ಬೀದಿಬೀದಿ ಸುತ್ತಿ ಸಹಿ ಹಾಕಿಸುತ್ತಿದ್ದರು. ಮೇಷ್ಟ್ರ ಮನೆಯವರದೇ ಆಯುಧ ಬಳಸಿದರೆ ತಪ್ಪು ಆ ಕಡೆ ತಿರುಗುತ್ತದೆ ಎಂದು ಅಂಗಡಿಯವನು ಹೂಡಿದ ಆಟ. ಮುಗಿಯಿತು.

ಹನುಮಂತಯ್ಯನ ಜೇಬಿನಲ್ಲಿ ಲ್ಯಾಬಿನಿಂದ ಬಂದ ಒಂದು ಹಾಳೆ ಇತ್ತು. ಅದರಲ್ಲಿದ್ದ ಒಂದೇ ಒಂದು ಸಾಲು ಈ ಲೆಕ್ಕಕ್ಕೆ ಕೂಡಿಬರುತ್ತಿರಲಿಲ್ಲ.

ಅಂಗಡಿಯ ಷಟರು ಅರ್ಧ ಎಳೆದಿತ್ತು. ಯಾರೋ ಅದರ ಮೇಲೆ ಕೆಂಪು ಬಣ್ಣದಲ್ಲಿ 'ಕೊಲೆಗಡುಕ' ಎಂದು ಬರೆದಿದ್ದರು. ಬಗ್ಗಿ ಒಳಗೆ ಹೋದರೆ ಗಾಜಿನ ಬೀರುವಿನಲ್ಲಿ ಸಾಲು ಬಂದೂಕು. ಪ್ರತಿಯೊಂದರ ನಳಿಗೆಯ ಮೇಲೂ ಆಯುಧಪೂಜೆಯ ದಿನ ಬಳಿದ ವಿಭೂತಿಯ ಮೂರು ಗೆರೆ.

ಅಂಗಡಿಯ ಯಜಮಾನ ಮಲ್ಲಿಕಾರ್ಜುನಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಾಲ ಬಳಿ ಒಂದು ಕೈಚೀಲ ಇಟ್ಟುಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಜೀವ. ಹಣೆಯ ಮೇಲೂ ಅದೇ ಮೂರು ಗೆರೆ.

"ನಡೀರಿ ಸರ್. ಬಟ್ಟೆ ಇಟ್ಕೊಂಡಿದೀನಿ. ಬಿ.ಪಿ. ಮಾತ್ರೇನೂ ಇದೆ."

"ಕೂತ್ಕೊಳ್ಳಿ. ಮೊದ್ಲು ಮಾತಾಡೋಣ."

"ಮಾತಾಡೋಕೆ ಏನಿಲ್ಲ."

"ನಾನು ಮಾತಾಡ್ತೀನಿ. ನೀವು ಕೇಳಿ." ಹನುಮಂತಯ್ಯ ತನ್ನ ಸರ್ವೀಸ್ ರಿವಾಲ್ವರನ್ನು ಬೆಲ್ಟಿನಿಂದ ತೆಗೆದು, ಗುಂಡುಗಳನ್ನು ಅಂಗೈಗೆ ಸುರಿದುಕೊಂಡು, ಖಾಲಿ ಆಯುಧವನ್ನು ಅವರ ಕಡೆ ಚಾಚಿದ.

ಮುದುಕರ ಕೈ ತಾನಾಗಿ ಚಾಚಿತು. ನಳಿಗೆಯನ್ನು ನೆಲಕ್ಕೆ ತಿರುಗಿಸಿ, ಸಿಲಿಂಡರ್ ಹೊರಕ್ಕೆ ಸರಿಸಿ, ಒಂದೊಂದೇ ತೂತಿನೊಳಗೆ ಬೆಳಕು ಬಿಟ್ಟು ನೋಡಿ, ಆಮೇಲಷ್ಟೇ ಮೇಜಿನ ಮೇಲಿಟ್ಟರು.

"ನಾನು ನಿಮ್ಮ ಕಣ್ಣೆದುರಿಗೇ ಖಾಲಿ ಮಾಡಿದ್ನಲ್ಲ?"

"ಖಾಲಿ ಅಂತ ನೀವು ಹೇಳ್ಬಾರ್ದು, ನಾನು ನೋಡ್ಬೇಕು. ನನ್ನ ಗಿರಾಕಿಗಳಿಗೆಲ್ಲ ಕಲಿಸೋ ಮೊದಲನೇ ಪಾಠ ಅದು. ಕಲೀದೋರಿಗೆ ನಾನು ಮಾರಲ್ಲ. ನಿಮ್ಮ ಡಿಪಾರ್ಟ್‌ಮೆಂಟಿನೋರೇ ಇಬ್ರಿಗೆ ಇಲ್ಲ ಅಂದಿದೀನಿ."

"ಗೊತ್ತು. ಅದಕ್ಕೇ ನನಗೆ ಅರ್ಥ ಆಗ್ತಿಲ್ಲ." ಅವನು ಹಾಳೆಯನ್ನು ಬಿಡಿಸಿದ. "ನಿಮ್ಮ ಅಂಗಡಿ ಪೂಜೇಲಿ ವಿಭೂತಿ. ಇಲ್ಲಿರೋ ಅಷ್ಟೂ ಬಂದೂಕಿನ ಮೇಲೂ ವಿಭೂತಿ. ಮೋರೀಲಿ ಸಿಕ್ಕ ರಿವಾಲ್ವರಿನ ಸಂದೀಲಿ ವಿಭೂತಿ ಇಲ್ಲ. ಗಂಧ ಇದೆ, ಕುಂಕುಮ ಇದೆ, ಒಂದು ಅಕ್ಷತೆ ಕಾಳು ಸಿಕ್ಕೊಂಡಿದೆ. ಆಯುಧಪೂಜೆ ದಿನ ಅದು ನಿಮ್ಮ ಕಪಾಟಿನಲ್ಲಿರ್ಲಿಲ್ಲ."

ಮಲ್ಲಿಕಾರ್ಜುನಯ್ಯ ಕೈಚೀಲವನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡರು.

"ಯಾರಿಗೆ ಕೊಟ್ರಿ?"

ಮುದುಕರು ಹಾಳೆಯನ್ನು ಮಡಿಸಿ ಅವನ ಕಡೆಗೇ ಸರಿಸಿದರು.

"ಅಯ್ನೋರೇ, ಕೊಲೆ ಆಪಾದನೆ ಇದು. ಸುಮ್ನಿದ್ರೆ ಜೈಲಲ್ಲೇ ಸಾಯ್ತೀರಿ."

"ಬಾಯಿ ಬಿಟ್ರೆ?"

"ಲೈಸೆನ್ಸ್ ಹೋಗುತ್ತೆ. ಅಂಗಡಿ ಹೋಗುತ್ತೆ. ಅದಕ್ಕೊಂದು ಕೇಸಾಗುತ್ತೆ. ನೇಣಿನ ಭಯ ಇರಲ್ಲ."

"ನಮ್ಮಪ್ಪ ತೆಗೆದ ಅಂಗಡಿ," ಎಂದರು ಮುದುಕರು, ಇನ್ಯಾರಿಗೋ ಹೇಳುವಂತೆ. "ಹೋದ ಸಭೇಲಿ ಇಡೀ ಕಾಲೋನಿ ಎದುರಿಗೆ ಎದ್ದು ನಿಂತು ಹೇಳ್ದೆ. ನನ್ನ ಬೀಗ ಒಂದು ಸಲಾನೂ ಕಾನೂನು ಮೀರಿ ತೆಗೆದಿಲ್ಲ ಅಂತ. ಮೇಷ್ಟ್ರು ನಕ್ಕರು. 'ಬೀಗದ ಮೇಲೆ ನನಗೂ ನಂಬಿಕೆ ಇದೆ ಸ್ವಾಮಿ, ನಿಮ್ಮ ಮನಸ್ಸು ಕರಗಿದ್ರೆ ಬೀಗ ಏನ್ ಮಾಡೀತು' ಅಂದ್ರು. ಮುಂದಿನ ಭಾನುವಾರ ಉತ್ತರ ಕೊಡ್ತೀನಿ ಅಂದ್ರು. ಆ ಭಾನುವಾರ ಅವರು ಇರ್ಲಿಲ್ಲ."

"ನಿಮ್ಮ ಮನಸ್ಸು ಕರಗ್ತಾ ಇತ್ತಾ?"

"ಹಬ್ಬದ ದಿನ ಹೆಣ್ಣುಮಕ್ಕಳು ಬಂದು ಕೇಳ್ತಾರೆ ಸರ್. ನಮ್ಮಪ್ಪನ ಬಂದೂಕು, ನಮ್ಮಜ್ಜನ ಬಂದೂಕು, ಪೂಜೆ ತಪ್ಪಬಾರದು ಅಂತ. ಬೆಳಿಗ್ಗೆ ಕೊಡ್ತೀನಿ, ದೀಪ ಹಚ್ಚೋದ್ರೊಳಗೆ ವಾಪಸ್. ಗುಂಡು ಕೊಡಲ್ಲ. ಎಲೆಕ್ಷನ್ನೂ ದಸರಾನೂ ಒಟ್ಟಿಗೆ ಬಂದಾಗೆಲ್ಲ ಕೊಟ್ಟಿದೀನಿ. ಈ ಸಲಾನೂ ಸುಮಾರು ಮನೆಗೆ ಕೊಟ್ಟೆ." ಅವರು ಕಣ್ಣು ಮುಚ್ಚಿದರು. "ಆ ರಿವಾಲ್ವರು ಕೇಳೋಕೆ ಬಂದೋರು ಅಲಮೇಲಮ್ಮ."

ಹನುಮಂತಯ್ಯನಿಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಬಾಯಲ್ಲಿ ಶುಂಠಿಯ ಖಾರ ಇನ್ನೂ ಉಳಿದಿತ್ತು, ಅಷ್ಟೆ.

"ಅವರಪ್ಪ ಫಾರೆಸ್ಟ್ ಆಫೀಸರು, ನನ್ನ ಸ್ನೇಹಿತರು. ಅವರು ಹೋದಮೇಲೆ ರಿವಾಲ್ವರು ಮಗನಿಗೆ ಬಂತು, ಪೂಜೆ ಮಾತ್ರ ಮಗಳ ಮನೇಲಿ. ವರ್ಷಾ ವರ್ಷಾ ವಸಿಷ್ಠ ತಂದುಕೊಡೋರು. ಈ ವರ್ಷ ಡಿಪಾಜಿಟ್ ಆಗಿತ್ತಲ್ಲ... ನಾನು ಕೇಳ್ದೆ, ಮೇಷ್ಟ್ರಿಗೆ ಗೊತ್ತಾದ್ರೆ ಬೈಯಲ್ವೇನಮ್ಮ ಅಂತ. 'ಹೋಗಿ ಕೇಳು ಅಂತ ಅವರೇ ಕಳಿಸಿದ್ದು' ಅಂದ್ರು ತಾಯಿ. ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ ಸರ್? ಮುನಿಸು ಕರಗ್ತು ಅಂದ್ಕೊಂಡೆ. ಒಂದು ಪಾವು ಕಲ್ಲುಸಕ್ಕರೇನೂ ಕಟ್ಟಿ ಕೊಟ್ಟೆ."

"ವಾಪಸ್ ಬಂತಾ?"

"ಬಂತು. ಸಂಜೆ."

"ಬಂದ ಮೇಲೆ ಬಿಚ್ಚಿ ನೋಡಿದ್ರಾ?"

ಮುದುಕರು ಮೇಜಿನ ಮೇಲಿದ್ದ ರಿವಾಲ್ವರಿನ ಸಿಲಿಂಡರನ್ನು ಒಂದು ಸುತ್ತು ತಿರುಗಿಸಿದರು. "ರವಿಕೆ ಕಣಬಟ್ಟೇಲಿ ಸುತ್ತಿ, ಹೂ ಮುಡಿಸಿ, ಕುಂಕುಮ ಹಚ್ಚಿ ಬಂದಿತ್ತು. ಪೂಜೆ ಆಗಿರೋ ಆಯುಧ ವಿಜಯದಶಮಿ ಮುಗಿಯೋವರೆಗೂ ಕದಲಿಸೋ ಹಾಗಿಲ್ವಲ್ಲ. ಹಾಗೇ ತಗೊಂಡೆ."

"ನೀವು. ಬಿಚ್ಚಿ ನೋಡದೆ."

"ನಾನೇ. ತೂಕ ಸರಿಯಾಗಿತ್ತು. ಹಾಗೇ ತಗೊಂಡು ದೇವರ ಗೂಡಲ್ಲಿಟ್ಟೆ. ನಾಡಿದ್ದು ಬಿಚ್ಚಿ ಕಪಾಟಿಗೆ ಇಟ್ರಾಯ್ತು ಅಂತ. ನಾಡಿದ್ದು ಬರೋ ಹೊತ್ತಿಗೆ ನೀವು ಬಂದಿದ್ರಿ."

ಕಪಾಟಿನ ಪಕ್ಕದಲ್ಲೇ ಇತ್ತು ದೇವರ ಗೂಡು. ಅಂಗಡಿ ಜಾಲಾಡಿದ ದಿನ ದೊಡ್ಡಬೈರಪ್ಪ ಅದರ ಮುಂದೆ ಬೂಟು ಕಳಚಿ ಕೈಮುಗಿದಿದ್ದ. "ಅದೊಂದು ಬಿಡು," ಎಂದಿದ್ದವನು ಹನುಮಂತಯ್ಯನೇ. ಮನೆಯಲ್ಲಿ ಬುದ್ಧನ ಪಟವೊಂದು ಬಿಟ್ಟರೆ ಬೇರೆ ದೇವರಿಲ್ಲದ ಅವನೂ ಆ ಬಾಡಿದ ಸೇವಂತಿಗೆಯ ರಾಶಿಯೊಳಗೆ ಕೈ ಹಾಕಿರಲಿಲ್ಲ.

"ನಮಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ತಾಯಿ ಕೈಗೂ ಬೇಡಿ. ಗಂಡ ಸತ್ತು ಎಷ್ಟು ದಿನ ಆಗಿದೆ? ಗಂಟು ಬಿಚ್ಚೋಕೂ ಧೈರ್ಯ ಬರ್ಲಿಲ್ಲ. ಅದರೊಳಗೆ ರಿವಾಲ್ವರು ಇಲ್ಲ ಅಂತ ಗೊತ್ತು. ಏನಿದೆ ಅಂತ ತಿಳ್ಕೊಳ್ಳೋಕೆ ಭಯ."

"ಬೈರಪ್ಪಾ," ಹನುಮಂತಯ್ಯ ಕೂಗಿದ. "ಒಳಗೆ ಬಾ. ಬೂಟು ಬಿಚ್ಬೇಡ."

ಹೂ ಸರಿಸಿದರೆ ಹಸಿರು ಕಣಬಟ್ಟೆಯ ಗಂಟು. ಕುಂಕುಮ ಒಣಗಿ ಚಕ್ಕೆ ಎದ್ದಿತ್ತು. ಮಲ್ಲಿಕಾರ್ಜುನಯ್ಯ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟು, ತಾವೇ ಬಿಚ್ಚಿದರು. ಗಂಟು ಸಲೀಸಾಗಿ ಬಿಚ್ಚಿಕೊಂಡಿತು.

ಒಳಗಿದ್ದದ್ದು ಕುಟ್ಟಾಣಿಯ ಕೋಲು. ಹಳೆಯ ಹಿತ್ತಾಳೆಯದು, ಗಟ್ಟಿಯಾದದ್ದು, ಹಿಡಿಯುವ ಕಡೆ ಸವೆದು ನುಣುಪಾದದ್ದು.

ಆಗ ಹನುಮಂತಯ್ಯನಿಗೆ ಬೆಳಗಿನಿಂದ ಸಿಗದ ಆ ಸದ್ದು ಸಿಕ್ಕಿತು. ಠಣ್, ಠಣ್. ಭಿನ್ನರಾಶಿ ಲೆಕ್ಕದ ನಡುವೆ ಅಡಿಗೆಮನೆಯಿಂದ ಕೇಳಿಬರುತ್ತಿದ್ದ ಹಿತ್ತಾಳೆಯ ಸದ್ದು. ಈಗ ಆ ಅಡಿಗೆಮನೆಯಲ್ಲಿ ಚೊಂಬಿನ ತಳದಿಂದ ಶುಂಠಿ ಜಜ್ಜುತ್ತಾರೆ. ಒಂದು ಚಮಚವೂ ಕಾಣೆಯಾಗಿಲ್ಲ ಅನ್ನುತ್ತಾರೆ.

"ಅಲಮೇಲಮ್ಮ ಇದನ್ನ ತಂದುಕೊಟ್ಟಾಗ ಏನಂದ್ರು?"

"ಅಲಮೇಲಮ್ಮ ತರ್ಲಿಲ್ಲ ಸರ್," ಎಂದರು ಮಲ್ಲಿಕಾರ್ಜುನಯ್ಯ. "ತಂದುಕೊಟ್ಟಿದ್ದು ಮೇಷ್ಟ್ರು."

ದೊಡ್ಡಬೈರಪ್ಪ ಕೋಲಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಆಟೋದಲ್ಲಿ ಬಂದ್ರು. ಗಂಟು ಕೈಗಿಟ್ಟು, 'ಬಿಚ್ಚಿ ನೋಡಲ್ವಾ? ಅದೇ ನಿಮ್ಮ ಮೊದಲನೇ ಪಾಠ ಅಲ್ವಾ?' ಅಂದ್ರು. ಪೂಜೆ ಕದಲಿಸಬಾರದು ಸ್ವಾಮಿ, ನಾಡಿದ್ದು ನೋಡ್ಕೋತೀನಿ ಅಂದೆ. ನಗ್ತಾ ಹೋದ್ರು."

ರಿವಾಲ್ವರು ಮೇಷ್ಟ್ರ ಬಳಿಯೇ ಉಳಿದಿತ್ತು. ಭಾನುವಾರದ ಸಭೆಯಲ್ಲಿ ಜೇಬಿನಿಂದ ತೆಗೆದು ಮೇಜಿನ ಮೇಲಿಡಲು. ಇಗೋ ಇವರ ಬೀಗ, ಇಗೋ ಇವರ ಜವಾಬ್ದಾರಿ ಅನ್ನಲು. ಹೆಂಡತಿಯ ಭಕ್ತಿಯನ್ನೂ ಮುದುಕರ ಸ್ನೇಹವನ್ನೂ ಒಟ್ಟಿಗೆ ಗಾಳಕ್ಕೆ ಸಿಕ್ಕಿಸಿದ್ದರು ಮೇಷ್ಟ್ರು. ಹನುಮಂತಯ್ಯ ಸಿಟ್ಟಿಗಾಗಿ ಒಳಗೆ ತಡಕಾಡಿದ. ಅಲ್ಲೂ ಜೋಮು.

"ಗುಂಡು?" ಎಂದು ಕೇಳಿದ. "ನೀವು ಕೊಡ್ಲಿಲ್ಲ. ಮತ್ತೆ ಎಲ್ಲಿಂದ ಬಂತು?"

ಮಲ್ಲಿಕಾರ್ಜುನಯ್ಯ ಹಣೆ ಒತ್ತಿಕೊಂಡರು. "ಅವರಪ್ಪನಿಗೆ ನಾನೇ ಹೇಳಿದ್ದು. ಆಯುಧ, ಗುಂಡು ಎರಡೂ ಒಂದೇ ಮನೇಲಿ ಇರಬಾರದು ಅಂತ. ಆಯುಧ ಮಗನ ಹತ್ರ ಮಲ್ಲೇಶ್ವರದಲ್ಲಿ. ಉಳಿದ ಗುಂಡು ಮಗಳ ಮನೇಲಿ. ಎಲ್ಲಿಟ್ಟಿದಾರೆ ಅನ್ನೋದು ಮನೆಯೋರಿಗೇ ಗೊತ್ತು."

ಮನೆಯವರಿಗೇ. ಅಂದರೆ ಮೇಷ್ಟ್ರಿಗೆ, ಅಲಮೇಲಮ್ಮನಿಗೆ, ಆ ಮನೆಯ ಒಳಹೊರಗು ಬಲ್ಲವರಿಗೆ.

"ನನ್ನ ಹೇಳಿಕೆ ಬರ್ಕೊಳ್ಳಿ ಸರ್," ಎಂದರು ಮುದುಕರು. ಸೊಂಟದಿಂದ ಬೀಗದಕೈ ಬಿಚ್ಚಿ ಕುಟ್ಟಾಣಿಯ ಕೋಲಿನ ಪಕ್ಕದಲ್ಲಿಟ್ಟರು. "ಅಂಗಡಿ ಮುಚ್ಚಿಬಿಡಿ. ಮೇಷ್ಟ್ರು ಗೆದ್ರು."

ಹನುಮಂತಯ್ಯ ಬೀಗದಕೈ ಮುಟ್ಟಲಿಲ್ಲ. ಅಂಗಡಿಯ ಫೋನೆತ್ತಿ ಎನ್.ಆರ್. ಕಾಲೋನಿಯ ನಂಬರು ತಿರುಗಿಸಿದ. ಬಹಳ ಹೊತ್ತು ರಿಂಗಾಯಿತು.

"ಹಲೋ."

"ಅಮ್ಮಾ, ಹನುಮಂತು. ಕುಟ್ಟಾಣಿ ಕೋಲು ಸಿಕ್ಕಿತು."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು.

"ಬೆಳಿಗ್ಗೆ ಅಷ್ಟು ಕೇಳ್ದೆ. ಯಾಕಮ್ಮ ಹೇಳ್ಲಿಲ್ಲ?"

"ಹೇಗೆ ಹೇಳ್ಲೋ," ದನಿ ಪಿಸುಗುಡುವಷ್ಟು ಇಳಿಯಿತು. "ಒಳಗೆ ಕೂತಿದ್ನಲ್ಲ."

"ಯಾರು?"

ಫೋನಿನಲ್ಲಿ ಬಾಗಿಲೊಂದರ ಕಿರುಗುಟ್ಟುವ ಸದ್ದು. ಆಮೇಲೆ ಅಲಮೇಲಮ್ಮನ ದನಿ, ಇದ್ದಕ್ಕಿದ್ದಂತೆ ದೊಡ್ಡದಾಗಿ, ಸಹಜವಾಗಿ: "ಬೇಡಪ್ಪ, ನಾಳೆಯಿಂದ ಅರ್ಧ ಲೀಟರ್ ಹಾಲು ಸಾಕು. ನಾನೊಬ್ಬಳೇ ಅಲ್ವಾ ಇರೋದು."

ಫೋನು ಇಟ್ಟರು.

"ಜೀಪು ತೆಗಿ," ಎಂದ ಹನುಮಂತಯ್ಯ. ಅವನ ಕೈ ಗುಂಡುಗಳನ್ನು ಒಂದೊಂದಾಗಿ ಸಿಲಿಂಡರಿಗೆ ತುಂಬುತ್ತಿತ್ತು. ಒಂದು ತಟ್ಟೆ ಬಿಟ್ಟರೆ ಕಣ್ಣ ಮುಂದೆ ಬೇರೇನೂ ಇರಲಿಲ್ಲ. ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಬಗ್ಗಿದ್ದಾಗ, ಅಲಮೇಲಮ್ಮನ ತಟ್ಟೆ ಅವನ ಮುಖದ ಮಟ್ಟದಲ್ಲೇ ಹಾದು ಹೋಗಿತ್ತು. ಅದರಲ್ಲಿ ಮೂರು ಲೋಟ ಇದ್ದವು. ಮೂರರ ತಳದಲ್ಲೂ, ನಡುಮನೆಗೆ ಹೋದದ್ದರಲ್ಲೂ, ಶುಂಠಿಯ ಚರಟ ಮಾತ್ರ ಉಳಿದಿತ್ತು.